ಎರಡಕ್ಷರದ ಬೂಸಾ

ಕಾವೂರಿನಿಂದ ಸ್ಟೇಟ್‌ಬ್ಯಾಂಕ್‌ಗೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ನನ್ನ ಪದಬಂಧ ಅಲ್ಲೇ ಮುಗಿಯುತ್ತದೆ. ಸಿಗದ ದಿನ ಆಫೀಸಿನಲ್ಲಿ, ಚಹಾದ ಹೊತ್ತಿಗೆ. ಮೊನ್ನೆ ಒಂದು ಸುಳಿವು: ‘ದನದ ಆಹಾರ (2)’. ಪೆನ್ನಿನಲ್ಲೇ ‘ಮೇವು’ ಅಂತ ಬರೆದೆ. ಆಮೇಲೆ ಮೇಲಿನಿಂದ ಕೆಳಕ್ಕೆ ನೋಡಿದರೆ ‘ಕೃಷ್ಣ ಅರ್ಜುನನಿಗಾಗಿ ಮಾಡಿದ್ದು (3)’. ಸಾರಥ್ಯ. ಎರಡನೇ ಮನೆ ‘ಸಾ’ ಆಯ್ತು. ಮೇವು ಹೊಡೆದುಹಾಕಿ ಬೂಸಾ ಬರೆದೆ. ನಗು ಬಂತು ಮಾರಾಯ್ರೆ.

ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೂ ಹೊಸ ಹುಡುಗರಿಗಾಗಿ ಹೇಳುತ್ತೇನೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರೂರಲ್ಲಿ ಗಲಾಟೆ, ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು, ಕೊನೆಗೆ ಅವರ ಮಂತ್ರಿಗಿರಿಯೂ ಹೋಯಿತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಬೆಂಕಿಯಿಂದಲೇ. ಇಷ್ಟೆಲ್ಲ ಹೊತ್ತಿರುವ ಪದಕ್ಕೆ ಸುಳಿವು ‘ದನದ ಆಹಾರ’. ತಪ್ಪೇನಲ್ಲ ಬಿಡಿ. ಆದರೆ ಅದೇ ಚೌಕದಲ್ಲಿ ‘ದಶರಥನ ಮಂತ್ರಿ (3)’ ಅಂತಲೂ ಉಂಟು. ದಶರಥನ ಮಂತ್ರಿ ಎಲ್ಲರಿಗೂ ಗೊತ್ತಿರಬೇಕು, ದೇವರಾಜ ಅರಸರ ಮಂತ್ರಿ ಗೊತ್ತಿರಬೇಕಾಗಿಲ್ಲ!

ನಾನು ಪದಬಂಧದ ವಿರೋಧಿ ಅಲ್ಲ. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಶುರುವಾದ ಆಟವನ್ನು ಕನ್ನಡಕ್ಕೆ ಒಗ್ಗಿಸಿದವರ ಶ್ರಮ ಸಣ್ಣದಲ್ಲ. ಅ.ನಾ. ಪ್ರಹ್ಲಾದರಾವ್ ಒಬ್ಬರೇ ಸಾವಿರಾರು ರಚಿಸಿದ್ದಾರೆ. ಇಂಗ್ಲಿಷಿನಲ್ಲಿ 26 ಅಕ್ಷರ, ಮುಗಿಯಿತು. ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಒಂದೇ ಮನೆಯೊಳಗೆ ಕೂರಬೇಕು. ಅಡ್ಡ ಸಾಲಿನ ‘ಕಿ’ ಉದ್ದ ಸಾಲಿನಲ್ಲೂ ‘ಕಿ’ಯೇ ಆಗಬೇಕು, ‘ಕೀ’ ಆದರೆ ಆಗಲಿಲ್ಲ. ‘ಹೊಸತು ತಿರುಗಿದರೆ ಕಾಡು (2)’ ಅಂತ ಕೊಟ್ಟಾಗ ನವ ಹೋಗಿ ವನ ಆಗುತ್ತದಲ್ಲ, ಆ ಖುಷಿಗೇ ನಾನು ದಿನಾ ಕೂರುವುದು. ಬರೀ ‘ಕಮಲ’ಕ್ಕೆ ಇನ್ನೊಂದು ಹೆಸರು ಕೇಳುವ ಸುಳಿವು ನನಗೆ ಸಪ್ಪೆ. ಅದು ಆಟವಲ್ಲ, ಬಾಯಿಪಾಠ. ಅದೂ ಯಾರ ಮನೆಯ ಬಾಯಿಪಾಠ ಅಂತ ನೋಡಿ.

ಸುಮಂತ್ರ ಅಂತ ನಾನು ಹೇಳಿದ ದಿನ ಹಿರಿಯ ಸಹೋದ್ಯೋಗಿಯೊಬ್ಬರು, ಒಳ್ಳೆಯವರೇ, ‘ಅರೆ, ನಿಮಗೆ ಇದೆಲ್ಲ ಹೇಗೆ ಗೊತ್ತು?’ ಅಂದರು. ‘ಇದೆಲ್ಲ’ ಅಂದರೆ ಎಂತ? ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಫೈಲು ನೋಡಿದ್ದೇವೆ, ಬಿ.ಎ. ಮಾಡಿದ್ದೇನೆ. ಯಕ್ಷಗಾನ ಗದ್ದೆಯಲ್ಲಿ ಕೂತು ರಾತ್ರಿಯಿಡೀ ನೋಡಿದವರಲ್ಲಿ ನಮ್ಮಪ್ಪನೂ ಒಬ್ಬ, ದೂರದಿಂದಲಾದರೂ.

ಮರುದಿನ ನಾನೇ ಹಳೇ ಸುತ್ತೋಲೆಯ ಹಿಂಬದಿಯಲ್ಲಿ ಚೌಕ ಎಳೆದೆ. ‘ಮೊದಲ ಅಕ್ಷರ ಬದಲಿಸಿದರೆ ಶಾಲೆಗೆ ಹೋದವ (3)’. ಉತ್ತರ ದಲಿತ, ‘ದ’ ಹೋಗಿ ‘ಕ’ ಬಂದರೆ ಕಲಿತ. ಅದನ್ನು ಅವರು ಎರಡೇ ನಿಮಿಷದಲ್ಲಿ ಬಿಡಿಸಿ ನಕ್ಕರು. ಇನ್ನೊಂದು: ‘ಕೊರಗರ ಮೇಲಿನ ಈ ಪದ್ಧತಿಯನ್ನು ರಾಜ್ಯ 2000ದಲ್ಲಿ ಕಾಯ್ದೆ ತಂದು ನಿಷೇಧಿಸಿತು (3)’. ಮಧ್ಯದ ‘ಜ’ ಕೊಟ್ಟರೂ ಬರಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಮಂಗಳೂರು. ಅಜಲು ಅಂದೆ. ‘ಹಾಗಂದ್ರೆ?’ ಅಂದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದದ್ದು, ಕಂಬಳಕ್ಕೆ ಮೊದಲು ಮನುಷ್ಯರನ್ನು ಕೋಣಗಳ ಹಾಗೆ ಓಡಿಸುತ್ತಿದ್ದದ್ದು, ಎಲ್ಲ ಹೇಳಿದೆ. ಊಟದ ಡಬ್ಬಿ ಮುಚ್ಚಿ ಕೂತು ಕೇಳಿದರು. ಆಮೇಲೆ ಪೆನ್ನು ತೆಗೆದು ಮೂರು ಮನೆ ತುಂಬಿಸಿದರು.

ನಿಮ್ಮಲ್ಲಿ ಅಂಥ ಪದ ಇದ್ದರೆ ಅಕ್ಷರ ಎಣಿಸಿ, ಸುಳಿವಿನ ಸಮೇತ ಕೆಳಗೆ ಹಾಕಿ. ಭಾನುವಾರಕ್ಕೆ ದೊಡ್ಡ ಚೌಕ ಕಟ್ಟುವವನಿದ್ದೇನೆ.