ಗ್ರೇವ್‌ಯಾರ್ಡ್ ಡೆಕ್ ಬ್ಯಾನ್ ಬೇಡ, ಉತ್ತರ ಇಟ್ಕೊಂಡು ಬನ್ನಿ

ನಮ್ಮ ಹಾಸ್ಟೆಲ್‌ನ ಕಾಮನ್ ರೂಮ್‌ನಲ್ಲಿ ಮ್ಯಾಜಿಕ್: ದಿ ಗ್ಯಾದರಿಂಗ್ ಆಡೋ ಗುಂಪಿನಲ್ಲಿ ಈ ಸೆಮಿಸ್ಟರ್ ಒಂದು ಹೊಸ ರೂಲ್ ತರಬೇಕು ಅನ್ನೋ ಮಾತು ನಡೀತಾ ಇದೆ. ಗ್ರೇವ್‌ಯಾರ್ಡ್‌ನಿಂದ ಕಾರ್ಡ್ ವಾಪಸ್ ತರೋದನ್ನೇ ನಂಬಿಕೊಂಡ ಡೆಕ್ ಯಾರೂ ತರಬಾರದು ಅನ್ನೋದೇ ಆ ರೂಲ್. "ಸತ್ತಿದ್ದು ಸತ್ತಂಗೆ ಇರ್ಬೇಕು ಗುರು, ಮತ್ತೆ ಮತ್ತೆ ಎದ್ದು ಬಂದ್ರೆ ನಾವ್ ಆಡೋದ್ಯಾಕೆ?" ಅನ್ನೋದು ಅವರ ವಾದ. ವೋಟಿಗೆ ಹಾಕಿದ್ರೆ ಪಾಸ್ ಆಗೋ ಹಾಗೇ ಕಾಣ್ತಿದೆ. ನಾನೂ ಅಂಥದೇ ಡೆಕ್ ಆಡೋನು, ಆದ್ದರಿಂದ ನನಗೆ ಪಕ್ಷಪಾತ ಇದೆ ಅಂತಾನೇ ಅಂದ್ಕೊಳ್ಳಿ. ವಾದ ಸರಿ ಇದೆಯಾ ಇಲ್ವಾ ಅಷ್ಟು ನೋಡಿ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಮ್ಯಾಜಿಕ್ 1993ರಲ್ಲಿ ಬಂದಿದ್ದು, ಮಾಡಿದವರು ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತದ ಮೇಷ್ಟ್ರು. ಕನಿಷ್ಠ 60 ಕಾರ್ಡಿನ ಡೆಕ್ಕನ್ನು ನಾವೇ ಕಟ್ಟಿಕೊಂಡು ಬರಬೇಕು. ಬೇಸಿಕ್ ಲ್ಯಾಂಡ್ ಬಿಟ್ರೆ ಯಾವ ಕಾರ್ಡನ್ನೂ 4ಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಕೈಯಲ್ಲಿ 7 ಕಾರ್ಡ್, ಇಬ್ಬರಿಗೂ 20 ಲೈಫ್, ಅಲ್ಲಿಂದ ಶುರು. ಲ್ಯಾಂಡಿನಿಂದ ಮಾನಾ ಸಿಗುತ್ತೆ, ಮಾನಾ ಅಂದ್ರೆ ಈ ಆಟದ ದುಡ್ಡು. ಒಂದು ಟರ್ನಿಗೆ ಒಂದೇ ಲ್ಯಾಂಡ್ ಇಡಬಹುದು, ಹಾಗಾಗಿ 8 ಮಾನಾ ಬೇಕಾದ ದೈತ್ಯನನ್ನು ಇಳಿಸೋಕೆ ಸಾಮಾನ್ಯವಾಗಿ ಎಂಟನೇ ಟರ್ನ್ ತನಕ ಕಾಯಬೇಕು. ಸತ್ತ ಕ್ರೀಚರ್, ಬಳಸಿ ಮುಗಿದ ಮಂತ್ರ, ಕೈಯಿಂದ ಎಸೆದ ಕಾರ್ಡ್ ಎಲ್ಲ ಹೋಗಿ ಬೀಳೋ ಜಾಗಕ್ಕೆ ಗ್ರೇವ್‌ಯಾರ್ಡ್ ಅಂತ ಹೆಸರು.

ಈಗ ನಮ್ಮವರಿಗೆ ಸಿಟ್ಟು ಬರಿಸಿರೋ ಟ್ರಿಕ್ ನೋಡಿ. ಮೊದಲ ಟರ್ನ್‌ನಲ್ಲಿ ಒಂದು ಮಾನಾ ಕೊಟ್ಟು ಪ್ಯೂಟ್ರಿಡ್ ಇಂಪ್ ಅನ್ನೋ ಪುಟ್ಟ ಕ್ರೀಚರ್ ಇಳಿಸ್ತೀವಿ. ಅದು ಇದ್ರೆ ಯಾವಾಗ ಬೇಕಾದ್ರೂ ಕೈಯಿಂದ ಕಾರ್ಡ್ ಎಸೀಬಹುದು. ಆಗ ಉಲಾಮಾಗ್ಸ್ ಕ್ರಷರ್ ಅನ್ನೋ 8 ಮಾನಾದ 8/8 ದೈತ್ಯನನ್ನು ಗ್ರೇವ್‌ಯಾರ್ಡಿಗೆ ಎಸೀತೀವಿ. ಎರಡನೇ ಟರ್ನ್‌ನಲ್ಲಿ ಎರಡು ಮಾನಾ ಕೊಟ್ಟು ಎಕ್ಸ್‌ಹ್ಯೂಮ್ ಹಾಕಿದ್ರೆ ಕ್ರಷರ್ ಎದ್ದು ಟೇಬಲ್ ಮೇಲೆ ಕೂರುತ್ತೆ. ಮೂರನೇ ಟರ್ನ್‌ನಿಂದ ಅಟ್ಯಾಕ್. ಅದು ಅಟ್ಯಾಕ್ ಮಾಡಿದಾಗೆಲ್ಲ ಎದುರಿನವರು ತಮ್ಮ ಟೇಬಲ್ ಮೇಲಿನ ಎರಡು ಕಾರ್ಡ್ ಬಲಿ ಕೊಡಬೇಕು. ಎದುರಿಗೆ ಕೂತವರಿಗೆ ಹೊಟ್ಟೆ ಉರಿಯೋದು ಸಹಜ, ಒಪ್ತೀನಿ.

ಆದ್ರೆ ಇದು ಮೋಸಾನಾ? ರಮ್ಮಿ ಆಡೋ ಮನೆಯಲ್ಲಿ ಬೆಳೆದವರು ಯೋಚನೆ ಮಾಡಿ. ಅಲ್ಲೂ ಎಸೆದ ಎಲೆಯನ್ನು ಎತ್ಕೊಳ್ತೀವಿ. ಎತ್ಕೊಂಡಿದ್ದು ಎಲ್ಲರಿಗೂ ಕಾಣುತ್ತೆ, ಅದನ್ನ ನೋಡಿ ಎದುರಿನವರು ಮುಂದಿನ ಎಲೆ ಬಿಡ್ತಾರೆ. ಅದನ್ನ ಯಾರೂ ಮೋಸ ಅನ್ನಲ್ಲ. ಮ್ಯಾಜಿಕ್‌ನಲ್ಲೂ ಹಾಗೇನೇ. ಕೈಯಲ್ಲಿರೋ ಕಾರ್ಡ್ ಗುಟ್ಟು, ಕಟ್ಟಿನಲ್ಲಿರೋ ಕಾರ್ಡ್ ನಮಗೇ ಗುಟ್ಟು. ಆದ್ರೆ ಗ್ರೇವ್‌ಯಾರ್ಡನ್ನು ಯಾರು ಯಾವಾಗ ಬೇಕಾದ್ರೂ ಎತ್ತಿ ನೋಡಬಹುದು, ರೂಲ್‌ನಲ್ಲೇ ಇದೆ. ನಾನು ಮೊದಲ ಟರ್ನ್‌ನಲ್ಲೇ ಕ್ರಷರ್ ಎಸೆದೆ ಅಂದ್ರೆ ನನ್ನ ಪ್ಲಾನ್ ಟೇಬಲ್ ಮೇಲೆ ಬಿಚ್ಚಿಟ್ಟ ಹಾಗೆ. ನೀಲಿ ಡೆಕ್ ಹಿಡಿದು ಕೂತವನು ಕೈಯಲ್ಲಿ ಕೌಂಟರ್‌ಸ್ಪೆಲ್ ಬಚ್ಚಿಟ್ಕೊಂಡು ನಾನು ಏನು ಹಾಕಿದ್ರೂ "ಇಲ್ಲ" ಅಂತಾನಲ್ಲ, ಅದರಷ್ಟು ಗುಟ್ಟು ನಮ್ಮಲ್ಲಿ ಇಲ್ವೇ ಇಲ್ಲ.

ಎರಡನೇದು, ಬೆಲೆ. ಒಂದು ಕ್ರಷರ್ ಎಬ್ಬಿಸೋಕೆ ಇಂಪ್, ಕ್ರಷರ್, ಎಕ್ಸ್‌ಹ್ಯೂಮ್ ಅಂತ ಮೂರು ಕಾರ್ಡ್ ಖರ್ಚಾಗಿರುತ್ತೆ. ನೀವು ಒಂದೇ ಒಂದು ಬಿಳಿ ಮಾನಾ ಕೊಟ್ಟು ಸ್ವೋರ್ಡ್ಸ್ ಟು ಪ್ಲೌಶೇರ್ಸ್ ಹಾಕಿದ್ರೆ ಕ್ರಷರ್ ಎಕ್ಸೈಲ್, ಅಂದ್ರೆ ಆಟದಿಂದಲೇ ಗಡೀಪಾರು. ನನಗೆ ಸ್ವಲ್ಪ ಲೈಫ್ ಸಿಗುತ್ತೆ, ಅಷ್ಟೇ. ನಿಮ್ಮ ಒಂದು ಕಾರ್ಡಿಗೆ ನನ್ನ ಪ್ಲಾನ್ ಮುಗೀತು, ಉಳಿದಿದ್ದು ಒಂದು ಇಂಪ್. ಎಕ್ಸ್‌ಹ್ಯೂಮ್‌ನಲ್ಲಿ ಇನ್ನೊಂದು ವಿಷಯ ಇದೆ, ಬಹಳ ಜನ ಮರೀತಾರೆ. ಅದು ಎದುರಿನವರಿಗೂ ಅವರ ಗ್ರೇವ್‌ಯಾರ್ಡ್‌ನಿಂದ ಒಂದು ಕ್ರೀಚರ್ ಎಬ್ಬಿಸಿ ಕೊಡುತ್ತೆ. 1997ರ ಟೆಂಪೆಸ್ಟ್ ಸೆಟ್‌ನಲ್ಲಿ ಬಂದ ರೀಅನಿಮೇಟ್ ಕಾರ್ಡಿಗೆ ಒಂದೇ ಮಾನಾ ಸಾಕು, ಆದ್ರೆ ಎದ್ದ ಕ್ರೀಚರ್ ಎಷ್ಟು ಮಾನಾದ್ದೋ ಅಷ್ಟು ಲೈಫ್ ಕಳ್ಕೋಬೇಕು. ಕ್ರಷರ್ ಎಬ್ಬಿಸಿದ್ರೆ 20ರಲ್ಲಿ 8 ಹೋಯ್ತು.

ಮೂರನೇದು ಲೆಕ್ಕ. "ಯಾವಾಗ್ಲೂ ಎರಡನೇ ಟರ್ನ್‌ನಲ್ಲೇ ಬರುತ್ತೆ" ಅಂತ ಎಲ್ರೂ ಹೇಳ್ತಾರೆ. ಬರುತ್ತಾ? ಡೆಕ್‌ನಲ್ಲಿ ಮೂರು ಥರದ ಕಾರ್ಡ್ ಬೇಕು: ಎಸೆಯೋಕೆ ದಾರಿ ಮಾಡೋದು, ಎಸೆಯೋ ದೈತ್ಯ, ಎಬ್ಬಿಸೋ ಮಂತ್ರ. ಧಾರಾಳವಾಗಿ ಒಂದೊಂದು ಥರಕ್ಕೂ 8 ಕಾರ್ಡ್ ಇಟ್ಟಿದ್ದೀವಿ ಅಂದ್ಕೊಳ್ಳಿ. 60ರಲ್ಲಿ 7 ಎಳೆದಾಗ ಒಂದು ಥರದ್ದು ಕನಿಷ್ಠ ಒಂದು ಸಿಗೋ ಸಾಧ್ಯತೆ ಸುಮಾರು 65%. ಎರಡು ಥರಾನೂ ಒಟ್ಟಿಗೆ ಸಿಗೋದು ಸುಮಾರು 41%. ಮೂರೂ ಒಟ್ಟಿಗೆ ಸಿಗೋದು ಸುಮಾರು 24%, ಅದೂ ಲ್ಯಾಂಡ್ ಸರಿಯಾಗಿ ಬಂತಾ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳದೆ. ಹೈಪರ್‌ಜಿಯೊಮೆಟ್ರಿಕ್ ಡಿಸ್ಟ್ರಿಬ್ಯೂಷನ್ ಗೊತ್ತಿರೋರು ಕ್ಯಾಲ್ಕುಲೇಟರ್ ತಗೊಂಡು ಚೆಕ್ ಮಾಡ್ಕೊಳ್ಳಿ. ಮುಂದೆ ಕಾರ್ಡ್ ಎಳೀತಾ ಹೋದ ಹಾಗೆ ಸಾಧ್ಯತೆ ಏರುತ್ತೆ ಅನ್ನೋದು ನಿಜ. ಆದ್ರೆ ಆ ಪರ್ಫೆಕ್ಟ್ ಕೈ ನಾಲ್ಕು ಆಟಕ್ಕೆ ಒಂದು ಸಲ ಬರೋದೂ ಕಷ್ಟ. ಉಳಿದ ಆಟಗಳಲ್ಲಿ ನಾವು 8 ಮಾನಾದ ಎರಡು ದೈತ್ಯರನ್ನು ಕೈಯಲ್ಲಿ ಹಿಡ್ಕೊಂಡು ಪಿಳಿಪಿಳಿ ಕಣ್ಣು ಬಿಡ್ತಾ ಕೂತಿರ್ತೀವಿ. ಆ ಆಟಗಳು ಯಾರಿಗೂ ನೆನಪಿರಲ್ಲ.

ಹಾಗಾದ್ರೆ ಗ್ರೇವ್‌ಯಾರ್ಡ್ ಡೆಕ್ ಯಾವತ್ತೂ ಮಿತಿ ಮೀರಿಲ್ವಾ? ಮೀರಿದೆ. ಇಲ್ಲಿ ಬ್ಯಾನ್ ಕೇಳೋರ ಪರವಾಗಿ ನಾನೇ ಒಂದು ಸಾಕ್ಷಿ ಕೊಡ್ತೀನಿ. 2019ರ ಜೂನ್‌ನಲ್ಲಿ ಬಂದ ಮಾಡರ್ನ್ ಹೊರೈಜನ್ಸ್ ಸೆಟ್‌ನಲ್ಲಿ ಹೋಗಾಕ್, ಅರೈಸನ್ ನೆಕ್ರೊಪೊಲಿಸ್ ಅಂತ ಒಂದು ಕಾರ್ಡ್ ಇತ್ತು. 8/8 ಕ್ರೀಚರ್. ಅದನ್ನ ಇಳಿಸೋಕೆ ಮಾನಾ ಕೊಡೋ ಹಾಗೇ ಇಲ್ಲ. ಬೇರೆ ಕ್ರೀಚರ್‌ಗಳನ್ನ ಟ್ಯಾಪ್ ಮಾಡಿ, ಗ್ರೇವ್‌ಯಾರ್ಡ್‌ನಲ್ಲಿರೋ ಕಾರ್ಡ್ ಎಕ್ಸೈಲ್ ಮಾಡಿ ಇಳಿಸಬೇಕು, ಗ್ರೇವ್‌ಯಾರ್ಡ್‌ನಿಂದಲೇ ನೇರ ಇಳಿಸಬಹುದು. ಸತ್ರೆ ಮತ್ತೆ ಅಲ್ಲಿಂದಲೇ ಇಳಿಸಬಹುದು. ಜನ ಸೈಡ್‌ಬೋರ್ಡ್‌ನಲ್ಲಿ ಇಡ್ತಿದ್ದ ಗ್ರೇವ್‌ಯಾರ್ಡ್ ವಿರೋಧಿ ಕಾರ್ಡ್‌ಗಳನ್ನ ಮೇನ್ ಡೆಕ್‌ಗೇ ಹಾಕೋಕೆ ಶುರು ಮಾಡಿದ್ರು, ಆದರೂ ತಡೆಯೋಕಾಗಲಿಲ್ಲ. ಜುಲೈನಲ್ಲಿ ಬ್ರಿಡ್ಜ್ ಫ್ರಮ್ ಬಿಲೋ ಅನ್ನೋ ಕಾರ್ಡನ್ನು ಮಾಡರ್ನ್ ಫಾರ್ಮ್ಯಾಟ್‌ನಲ್ಲಿ ಬ್ಯಾನ್ ಮಾಡಿದ್ರು, ಸಾಲಲಿಲ್ಲ. ಆಗಸ್ಟ್‌ನಲ್ಲಿ ಹೋಗಾಕ್ ಜೊತೆಗೆ ಫೇಯ್ತ್‌ಲೆಸ್ ಲೂಟಿಂಗ್ ಕೂಡ ಬ್ಯಾನ್ ಆಯ್ತು.

ಆದ್ರೆ ಅವರು ಬ್ಯಾನ್ ಮಾಡಿದ್ದು ಏನನ್ನ ಅಂತ ಗಮನಿಸಿ. ಎರಡು ಮೂರು ಕಾರ್ಡನ್ನ. ಗ್ರೇವ್‌ಯಾರ್ಡನ್ನ ಅಲ್ಲ. ಫೇಯ್ತ್‌ಲೆಸ್ ಲೂಟಿಂಗನ್ನ 2024ರ ಡಿಸೆಂಬರ್‌ನಲ್ಲಿ ವಾಪಸ್ ಬಿಟ್ಟರು. ಗೋಲ್ಗಾರಿ ಗ್ರೇವ್-ಟ್ರೋಲ್ ಅನ್ನೋ ಕಾರ್ಡನ್ನ 2015ರಲ್ಲಿ ಬಿಟ್ಟು 2017ರಲ್ಲಿ ಮತ್ತೆ ಒಳಗೆ ಹಾಕಿದ್ರು. ಬ್ಯಾನ್ ಲಿಸ್ಟಿಗೂ ರಿಕರ್ಷನ್ ಇದೆ ನೋಡಿ. ಒಟ್ಟಿನಲ್ಲಿ ಒಂದೊಂದು ಕಾರ್ಡನ್ನ ನೋಡಿ, ತೂಗಿ, ಬೇಕಾದ್ರೆ ಮನಸ್ಸು ಬದಲಾಯಿಸಿದ್ದಾರೆ.

ರಿಕರ್ಷನ್ ಅಂದಾಗ ಸಿ ಲ್ಯಾಬ್‌ನಲ್ಲಿ ಫ್ಯಾಕ್ಟೋರಿಯಲ್ ಬರೆದಿದ್ದು ನೆನಪಿಸ್ಕೊಳ್ಳಿ. ಫಂಕ್ಷನ್ ತನ್ನನ್ನೇ ಕರೆಯೋದು ತಪ್ಪಲ್ಲ, ಬೇಸ್ ಕೇಸ್ ಇಲ್ಲದೆ ಕರೆಯೋದು ತಪ್ಪು. ಗ್ರೇವ್‌ಯಾರ್ಡ್ ಕಾರ್ಡ್‌ಗಳಲ್ಲೂ ಬಹಳಷ್ಟಕ್ಕೆ ಬೇಸ್ ಕೇಸ್ ಇದೆ. 2001ರಲ್ಲಿ ಬಂದ ಫ್ಲ್ಯಾಶ್‌ಬ್ಯಾಕ್ ನೋಡಿ: ಗ್ರೇವ್‌ಯಾರ್ಡ್‌ನಿಂದ ಮಂತ್ರವನ್ನ ಇನ್ನೊಂದು ಸಲ ಹಾಕಬಹುದು, ಆಮೇಲೆ ಅದು ಎಕ್ಸೈಲ್. 2005ರ ಡ್ರೆಜ್ ನೋಡಿ: ಕಾರ್ಡ್ ವಾಪಸ್ ಕೈಗೆ ಬರುತ್ತೆ, ಆದ್ರೆ ಪ್ರತಿ ಸಲ ನಮ್ಮ ಕಟ್ಟಿನ ಮೇಲಿಂದ ಒಂದಷ್ಟು ಕಾರ್ಡ್ ಗ್ರೇವ್‌ಯಾರ್ಡಿಗೆ ಬೀಳುತ್ತೆ. ಕಟ್ಟು ಖಾಲಿಯಾದ ಮೇಲೆ ಕಾರ್ಡ್ ಎಳೀಬೇಕಾಗಿ ಬಂದ್ರೆ ಸೋತ ಹಾಗೆ. ಹೋಗಾಕ್‌ಗೆ ಆ ಬೇಸ್ ಕೇಸ್ ಸರಿಯಾಗಿ ಇರಲಿಲ್ಲ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ "ಗ್ರೇವ್‌ಯಾರ್ಡ್ ಮುಟ್ತಾ?" ಅನ್ನೋದಲ್ಲ. ಇದಕ್ಕೆ ಬೆಲೆ ಇದೆಯಾ? ಎದುರಿನವರಿಗೆ ಬರೋದು ಕಾಣುತ್ತಾ? ಉತ್ತರ ಕೊಡೋಕೆ ಟೈಮ್ ಇದೆಯಾ? ಈ ಮೂರಕ್ಕೂ ಹೌದು ಅಂತಾದ್ರೆ ಆ ಡೆಕ್ ಟೇಬಲ್‌ಗೆ ಬರಲಿ.

ಉತ್ತರದ ವಿಷಯಕ್ಕೆ ಬರೋಣ. ಸತ್ತವರು ಎದ್ದು ಬರ್ತಾರೆ ಅನ್ನೋ ಕಂಪ್ಲೇಂಟ್ ನಮ್ಮ ಹಾಸ್ಟೆಲ್‌ನಲ್ಲಿ ಹುಟ್ಟಿದ್ದಲ್ಲ. ಮಹಾಭಾರತದ ಆದಿಪರ್ವದಲ್ಲಿ ದೇವತೆಗಳದ್ದೂ ಇದೇ ಗೋಳು. ಅವರು ಕೊಂದ ಅಸುರರನ್ನೆಲ್ಲ ಶುಕ್ರಾಚಾರ್ಯರು ಮೃತಸಂಜೀವಿನಿ ವಿದ್ಯೆಯಿಂದ ಎಬ್ಬಿಸ್ತಿದ್ರು. ದೇವತೆಗಳು ಏನ್ ಮಾಡಿದ್ರು? ವಿದ್ಯೆ ಕಲ್ತು ಬಾ ಅಂತ ಬೃಹಸ್ಪತಿಯ ಮಗ ಕಚನನ್ನ ಶುಕ್ರಾಚಾರ್ಯರ ಹತ್ರಾನೇ ಕಳಿಸಿದ್ರು. ಅಸುರರೂ ಸುಮ್ಮನೆ ಕೂರಲಿಲ್ಲ. ಕೊಂದ್ರೆ ಕಚ ಎದ್ದು ಬರ್ತಾನೆ ಅಂತ ಗೊತ್ತಾದ ಮೇಲೆ ಅವನನ್ನ ಸುಟ್ಟು, ಬೂದಿಯನ್ನ ಮದ್ಯದಲ್ಲಿ ಬೆರೆಸಿ ಗುರುಗಳಿಗೇ ಕುಡಿಸಿದ್ರು. ಎಕ್ಸೈಲ್ ಅಂದ್ರೆ ಅದು! ಎರಡೂ ಕಡೆಯವರು ಎದುರಿನವರ ಆಟ ನೋಡಿ ತಮ್ಮ ಆಟ ಬದಲಾಯಿಸಿದ್ರು.

ನಮಗೆ ಅಷ್ಟು ಕಷ್ಟ ಇಲ್ಲ. ಟಾರ್ಮೋಡ್ಸ್ ಕ್ರಿಪ್ಟ್ 1994ರಿಂದ ಇದೆ. ಸೊನ್ನೆ ಮಾನಾ, ಬೇಕಾದಾಗ ಒಡೆದ್ರೆ ಒಬ್ಬರ ಗ್ರೇವ್‌ಯಾರ್ಡ್ ಪೂರ್ತಿ ಎಕ್ಸೈಲ್. ಮ್ಯಾಜಿಕ್‌ನಲ್ಲಿ ಮಂತ್ರಗಳು ಕೂರೋದು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದೋ ಸ್ಟ್ಯಾಕ್ ಮೇಲೇನೇ, ಕೊನೆಗೆ ಬಂದಿದ್ದು ಮೊದಲು ಆಚೆ. ಅಂದ್ರೆ ನಾನು ಎರಡು ಮಾನಾ ಕೊಟ್ಟು ಎಕ್ಸ್‌ಹ್ಯೂಮ್ ಹಾಕಿದ ಮೇಲೆ ನೀವು ಕ್ರಿಪ್ಟ್ ಒಡೀಬಹುದು. ನಿಮ್ಮದು ಮೊದಲು ನಡೆಯುತ್ತೆ, ನನ್ನ ಮಂತ್ರ ಖಾಲಿ ಗ್ರೇವ್‌ಯಾರ್ಡ್ ಹುಡುಕ್ತಾ ಮುಗಿಯುತ್ತೆ. "ನನ್ನ ಡೆಕ್‌ನಲ್ಲಿ ಅದಕ್ಕೆ ಜಾಗ ಇಲ್ಲ, ಬೇರೆಯವರ ಎದುರು ವೇಸ್ಟ್" ಅನ್ನೋರಿಗೆ ರೆಲಿಕ್ ಆಫ್ ಪ್ರೊಜೆನಿಟಸ್ ಇದೆ. ಒಂದು ಮಾನಾ, ಎಲ್ಲ ಬಣ್ಣದ ಡೆಕ್‌ಗೂ ಹೊಂದುತ್ತೆ, ಇನ್ನೊಂದು ಮಾನಾ ಕೊಟ್ಟು ಬಳಸಿದಾಗ ಒಂದು ಹೊಸ ಕಾರ್ಡ್ ಕೈಗೆ ಬರುತ್ತೆ. ಯಾರ ಎದುರೂ ಪೂರ್ತಿ ವೇಸ್ಟ್ ಆಗಲ್ಲ. ಇಂಥದ್ದು 3 ಹಾಕಿದ್ರೆ ಮೊದಲ 10 ಕಾರ್ಡ್ ನೋಡೋ ಹೊತ್ತಿಗೆ ಒಂದಾದ್ರೂ ಸಿಗೋ ಸಾಧ್ಯತೆ ಸುಮಾರು 43%. 60ರಲ್ಲಿ 3 ಕಾರ್ಡ್ ಅಂದ್ರೆ ಡೆಕ್‌ನ 5%.

ನಿಜವಾದ ತೊಂದರೆ ಬೇರೆ. ನಮ್ಮ ಗುಂಪಿನಲ್ಲಿ ಇರೋದು ಸ್ಮಶಾನ ವೈರಾಗ್ಯ. ಕ್ರಷರ್ ಕೈಲಿ ಒದೆ ತಿಂದ ವಾರ ಎಲ್ಲರ ಡೆಕ್‌ನಲ್ಲೂ ಕ್ರಿಪ್ಟ್ ಇರುತ್ತೆ. ಎರಡು ವಾರ ನಾವು ಸೋಲ್ತೀವಿ. ಮೂರನೇ ವಾರ "ಇದ್ಯಾಕೆ ಸುಮ್ನೆ" ಅಂತ ಒಬ್ಬೊಬ್ಬರೇ ತೆಗೀತಾರೆ. ನಾಲ್ಕನೇ ವಾರ ಕ್ರಷರ್ ವಾಪಸ್, ಜೊತೆಗೆ ಬ್ಯಾನ್ ಮಾತೂ ವಾಪಸ್.

ಬ್ಯಾನ್ ಆದ್ರೆ ಪೆಟ್ಟು ಬೀಳೋದು ಯಾರಿಗೆ ಅನ್ನೋದನ್ನೂ ಯೋಚಿಸಿ. ನಾಲ್ಕೈದು ಡೆಕ್ ಇರೋ ಸೀನಿಯರ್‌ಗೆ ಏನೂ ಆಗಲ್ಲ, ಇನ್ನೊಂದು ಡೆಕ್ ತರ್ತಾರೆ. ಆದ್ರೆ ಪ್ಯೂಟ್ರಿಡ್ ಇಂಪ್, ಕ್ರಷರ್, ಎಕ್ಸ್‌ಹ್ಯೂಮ್, ಫೇಯ್ತ್‌ಲೆಸ್ ಲೂಟಿಂಗ್ ಎಲ್ಲವೂ ಕಾಮನ್ ಆಗಿ ಪ್ರಿಂಟ್ ಆಗಿರೋ ಕಾರ್ಡ್‌ಗಳು. ಮೆಸ್ ಬಿಲ್ ಕಟ್ಟಿ ಉಳಿದ ದುಡ್ಡಲ್ಲಿ ಒಂದೇ ಡೆಕ್ ಕಟ್ಟಿರೋ ಫಸ್ಟ್ ಇಯರ್ ಹುಡುಗ ಹುಡುಗಿಯರು ಕಟ್ಟಿರೋದು ಇಂಥದ್ದನ್ನೇ. ಅವರಿಗೆ "ಇದು ತರಬೇಡ" ಅಂದ್ರೆ "ನೀನು ಬರಬೇಡ" ಅಂದ ಹಾಗೆ. ನಮ್ಮದು ಹತ್ತು ಹನ್ನೆರಡು ಜನರ ಗುಂಪು. ಮೂರು ಜನ ಬಿಟ್ರೆ ಶನಿವಾರ ಎರಡು ಟೇಬಲ್ ಆಗೋದು ಕಷ್ಟ.

ನಮ್ಮ ಕಡೆಯವರಿಗೂ ಜವಾಬ್ದಾರಿ ಇದೆ. ಎರಡು ಮಾತು. ಒಂದು, ಡೆಕ್ ಪೂರ್ತಿ ಗ್ರೇವ್‌ಯಾರ್ಡ್ ಮೇಲೆ ಕಟ್ಟಬೇಡಿ. ರೆಸ್ಟ್ ಇನ್ ಪೀಸ್ ಅನ್ನೋ ಒಂದು ಕಾರ್ಡ್ ಬಂದ್ರೆ ಎಲ್ಲರ ಗ್ರೇವ್‌ಯಾರ್ಡ್ ಎಕ್ಸೈಲ್, ಮುಂದೆ ಬೀಳೋದೂ ಎಕ್ಸೈಲ್. ಆಗ ಕೈ ಕಟ್ಟಿ ಕೂರೋ ಡೆಕ್‌ನ ಎದುರು ಗೆದ್ದೋರಿಗೂ ಖುಷಿ ಇರಲ್ಲ. ಹತ್ತು ಹನ್ನೆರಡು ಕಾರ್ಡಾದ್ರೂ ಗ್ರೇವ್‌ಯಾರ್ಡ್ ಇಲ್ಲದೆ ಆಡೋ ಥರ ಇರಲಿ, ಸಣ್ಣ ಕ್ರೀಚರ್ ಇರಬಹುದು, ಕೊಲ್ಲೋ ಮಂತ್ರ ಇರಬಹುದು. ಎರಡು, ಟರ್ನ್ ಬೇಗ ಮುಗಿಸಿ. ಗ್ರೇವ್‌ಯಾರ್ಡ್ ಕೆದಕ್ತಾ ಹತ್ತು ನಿಮಿಷ ಒಬ್ಬರೇ ಆಡ್ತಾ ಇದ್ರೆ ಎದುರಿನವರು ರೀಲ್ಸ್ ನೋಡ್ತಾ ಕೂರ್ತಾರೆ. ಬಹಳ ಜನರ ಸಿಟ್ಟು ಸೋತಿದ್ದಕ್ಕಿಂತ ಇದಕ್ಕೇ ಜಾಸ್ತಿ ಅಂತ ನನಗನ್ಸುತ್ತೆ.

ನನ್ನ ಪ್ರಸ್ತಾಪ ಇಷ್ಟು. ಗ್ರೇವ್‌ಯಾರ್ಡ್ ಬ್ಯಾನ್ ವೋಟಿಗೆ ಹಾಕೋ ಮುಂಚೆ ಒಂದು ತಿಂಗಳು ಎಲ್ಲರೂ ಡೆಕ್‌ನಲ್ಲಿ 3 ಉತ್ತರದ ಕಾರ್ಡ್ ಇಟ್ಕೊಂಡು ಆಡೋಣ. ಕ್ರಿಪ್ಟ್ ಅಥವಾ ರೆಲಿಕ್ ಇಲ್ಲದವರು ಪೇಪರ್ ಮೇಲೆ ಬರೆದು ಸ್ಲೀವ್‌ಗೆ ಹಾಕ್ಕೊಳ್ಳಿ, ನಮ್ಮದೇನು ಅಧಿಕೃತ ಟೂರ್ನಮೆಂಟ್ ಅಲ್ಲ. ಯಾರು ಯಾವ ಡೆಕ್‌ನಿಂದ ಗೆದ್ರು, ಎಷ್ಟನೇ ಟರ್ನ್‌ನಲ್ಲಿ ಗೆದ್ರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯೋಣ, ಆ ಕೆಲಸ ನಾನೇ ಮಾಡ್ತೀನಿ. ತಿಂಗಳಾದ ಮೇಲೂ ಯಾವುದೋ ಒಂದು ಕಾರ್ಡ್ ಎಲ್ಲರನ್ನೂ ಹೊಡೀತಾನೇ ಇದೆ ಅಂತ ಲೆಕ್ಕ ತೋರಿಸಿದ್ರೆ ಆ ಕಾರ್ಡಿನ ಹೆಸರು ಹೇಳಿ ವೋಟಿಗೆ ಹಾಕಿ. ಅದು ಕ್ರಷರ್ ಆಗಿದ್ರೂ ಬ್ಯಾನ್‌ಗೆ ಮೊದಲ ಕೈ ನನ್ನದೇ.