ಹಸಿ ಕಸದಿಂದ ಸಿಲಿಂಡರ್‌ಗೆ ಮುಕ್ತಿ ಸಿಗುತ್ತದೆಯೇ? ಬಯೋಮೀಥೇನ್ ಲೆಕ್ಕ ಇಲ್ಲಿದೆ

ಅಡುಗೆಮನೆ ಕಸ ಹಾಕಿದರೆ ಸಾಕು, ಸಿಲಿಂಡರ್ ಬೇಕಿಲ್ಲ ಎನ್ನುವ ವಿಡಿಯೋಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತವೆ. ಇದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ತಿಳಿಯದೆ ಫಾರ್ವರ್ಡ್ ಮಾಡಿದರೆ ಯಾರದೋ ಹಣ ಹೋಗಬಹುದು, ಜೀವಕ್ಕೂ ಅಪಾಯವಾಗಬಹುದು.

ಬಯೋಮೀಥೇನ್ ಎಂದರೇನು?

ಸಗಣಿ, ಹಸಿ ಕಸ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತಾಗ ಗೋಬರ್ ಗ್ಯಾಸ್ ಬರುತ್ತದೆ. ಅದರಲ್ಲಿ ಮೀಥೇನ್ ಸುಮಾರು 50ರಿಂದ 65 ಭಾಗ ಮಾತ್ರ. ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ಇದನ್ನು ಶುದ್ಧೀಕರಿಸಿ ಮೀಥೇನ್ ಪ್ರಮಾಣವನ್ನು 90ಕ್ಕಿಂತ ಮೇಲೇರಿಸಿದರೆ ಅದೇ ಬಯೋಮೀಥೇನ್. ಒತ್ತಡದಲ್ಲಿ ತುಂಬಿದರೆ ಸಿಬಿಜಿ. ಆಟೋಗಳಿಗೆ ಹಾಕುವ ಸಿಎನ್‌ಜಿಯಲ್ಲೂ ಇರುವುದು ಮುಖ್ಯವಾಗಿ ಮೀಥೇನೇ. ಹಾಗಾಗಿ ಅದೇ ವಾಹನ, ಅದೇ ಪೈಪ್‌ಲೈನ್ ಇದಕ್ಕೂ ಆಗುತ್ತದೆ.

ಒಂದು ಮನೆಯ ಲೆಕ್ಕ

ಮನೆಯೊಂದರ ಹಸಿ ಕಸ ದಿನಕ್ಕೆ 1 ಕೆಜಿ ಎಂದಿಟ್ಟುಕೊಳ್ಳೋಣ. ಎಲ್ಲ ಸರಿಯಾಗಿ ನಡೆದರೆ ಅದರಿಂದ ಸುಮಾರು 0.1 ಘನ ಮೀಟರ್ ಅನಿಲ ಸಿಗಬಹುದು. ಅದು ಸುಮಾರು 45 ಗ್ರಾಂ ಎಲ್‌ಪಿಜಿಗೆ ಸಮ. 14.2 ಕೆಜಿಯ ಸಿಲಿಂಡರ್ 45 ದಿನ ಬಂದರೆ ದಿನದ ಬಳಕೆ 315 ಗ್ರಾಂ. ಅಂದರೆ ಒಂದು ಮನೆಯ ಒಲೆ ಉರಿಯಲು ಏಳು ಮನೆಗಳ ಹಸಿ ಕಸ ಬೇಕು. ಖರ್ಚು ಕಡಿಮೆಯಾಗಬಹುದು, ಸಿಲಿಂಡರ್ ತಪ್ಪುವುದಿಲ್ಲ.

ಪುರ ಗ್ರಾಮದ ಪಾಠ

ಇದು ಕರ್ನಾಟಕಕ್ಕೆ ಹೊಸದಲ್ಲ. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು 'ಅಸ್ತ್ರ' ತಂಡ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತ್ತು. ಊರಿನ ಎಲ್ಲರ ಅಡುಗೆಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. 1987ರಲ್ಲಿ ಅದೇ ಅನಿಲದಿಂದ ವಿದ್ಯುತ್ ತಯಾರಿಸಿ, ಕುಡಿಯುವ ನೀರು ಮತ್ತು ದೀಪಕ್ಕೆ ಬಳಸಿದಾಗ ಯೋಜನೆ ನಡೆಯಿತು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಯಂತ್ರ ಇದ್ದರೆ ಸಾಲದು, ದಿನವೂ ಕಚ್ಚಾವಸ್ತು ಸಿಗಬೇಕು, ಕೊಟ್ಟವರಿಗೂ ಲಾಭವಿರಬೇಕು.

ಅತ್ತಿಬೆಲೆಯಂಥ ಊರಲ್ಲಿ?

ಒಂಟಿ ಮನೆಗಿಂತ ಕಾರ್ಖಾನೆ ಕ್ಯಾಂಟೀನ್, ಪಿಜಿ, ಹೆದ್ದಾರಿ ಹೋಟೆಲ್, ಅಪಾರ್ಟ್‌ಮೆಂಟ್‌ಗಳಿಗೆ ಇದು ಹೆಚ್ಚು ಹೊಂದುತ್ತದೆ. ಅಲ್ಲಿ ಒಂದೇ ಕಡೆ, ದಿನವೂ, ಹೆಚ್ಚು ಹಸಿ ಕಸ ಸಿಗುತ್ತದೆ. ಹತ್ತಿರದ ಮಾಲೂರಿನಲ್ಲೇ ಬೆಂಗಳೂರಿನ ಕಾರ್ಬನ್ ಮಾಸ್ಟರ್ಸ್ ಕಂಪನಿ ಹಸಿ ಕಸದಿಂದ ಅನಿಲ ತಯಾರಿಸಿ, ಸಿಲಿಂಡರ್‌ಗೆ ತುಂಬಿ ಹೋಟೆಲ್‌ಗಳಿಗೆ ಮಾರಿದ ಉದಾಹರಣೆ ಇದೆ.

ಅಡ್ಡಿ ಶುರುವಾಗುವುದು ಬಕೆಟ್‌ನಲ್ಲೇ. ಪ್ಲಾಸ್ಟಿಕ್, ಗಾಜು, ಫಿನಾಯಿಲ್ ಸೇರಿದರೆ ಪೈಪ್ ಕಟ್ಟಿಕೊಳ್ಳುತ್ತದೆ, ಅನಿಲ ಉಂಟುಮಾಡುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಉಳಿಯುವ ಬಗ್ಗಡವನ್ನು ಕೊಳ್ಳುವ ರೈತರು ಹತ್ತಿರದಲ್ಲಿರಬೇಕು. ಮೀಥೇನ್ ಸೋರಿಕೆಯನ್ನೂ ತಡೆಯಬೇಕು. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ.

ಸರ್ಕಾರದ ಗುರಿ ಎಲ್ಲಿಗೆ ಬಂತು?

2018ರಲ್ಲಿ ಶುರುವಾದ ಕೇಂದ್ರದ 'ಸತತ್' ಯೋಜನೆ 2023ರೊಳಗೆ 5,000 ಸ್ಥಾವರಗಳ ಗುರಿ ಇಟ್ಟಿತ್ತು. ಆ ಹೊತ್ತಿಗೆ ಅದರಡಿ ಚಾಲನೆಗೆ ಬಂದದ್ದು ನೂರಕ್ಕೂ ಕಡಿಮೆ. ನಂತರ ಸಿಎನ್‌ಜಿ ಮತ್ತು ಮನೆ ಪೈಪ್ ಗ್ಯಾಸ್‌ಗೆ ಸಿಬಿಜಿ ಬೆರೆಸುವ ನಿಯಮ ಬಂತು. 2025-26ಕ್ಕೆ ಶೇ 1, 2028-29ಕ್ಕೆ ಶೇ 5 ಎಂಬುದು ಅದರ ಲೆಕ್ಕ. ಇದರಿಂದ ಕೊಳ್ಳುವವರು ಖಾತ್ರಿಯಾಗುತ್ತಾರೆ. ಬೇರ್ಪಡಿಸಿದ ಕಸವನ್ನು ಮಾತ್ರ ನಾವೇ ಕೊಡಬೇಕು.

ಇದನ್ನು ಮಾತ್ರ ಮಾಡಬೇಡಿ

ವಿಡಿಯೋ ನೋಡಿ ಡ್ರಮ್‌ನಲ್ಲಿ ಗ್ಯಾಸ್ ಮಾಡಿ ಟ್ಯೂಬ್‌ಗೋ, ಹಳೆಯ ಎಲ್‌ಪಿಜಿ ಸಿಲಿಂಡರ್‌ಗೋ ತುಂಬಬೇಡಿ. ತೊಟ್ಟಿ ಸ್ವಚ್ಛಗೊಳಿಸಲು ಯಾರನ್ನೂ ಒಳಗಿಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಉಸಿರು ನಿಲ್ಲಲು ಕೆಲವೇ ಕ್ಷಣ ಸಾಕು.

ಘಟಕ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಕೆಜಿ ಹಸಿ ಕಸ ಬೇಕು? ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ? ಬಗ್ಗಡ ಎಲ್ಲಿಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ಹಣವನ್ನೂ ಕೊಡಬೇಡಿ, ಮೆಸೇಜ್ ಅನ್ನೂ ಮುಂದೆ ಕಳಿಸಬೇಡಿ.