ಫೋಟೋದ ಗಿಡ ಸಾಕು, ಮಕ್ಕಳಿಗೆ ಹಕ್ಕಿ ತೋರಿಸಿ

ಜೂನ್ 5 ಬಂತೆಂದರೆ ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ ಪರಿಸರದ ಹಬ್ಬ. ಶಾಮಿಯಾನ ಏಳುತ್ತದೆ, ಮೈಕು ಕಿರುಚುತ್ತದೆ, ಮಕ್ಕಳು ಸಾಲುಗಟ್ಟಿ ಕಾಯುತ್ತಾರೆ. ಅತಿಥಿ ಮಹಾಶಯರು ತಡವಾಗಿ ಬಂದು, ಯಾರೋ ತೋಡಿಟ್ಟ ಗುಂಡಿಗೆ ಗಿಡ ಇಳಿಸಿ, ಫೋಟೋ ಹೊಡೆಸ್ಕೊಂಡು ಹೊರಡುತ್ತಾರೆ. ಬೇಸಿಗೆ ರಜದಲ್ಲಿ ನೀರು ಹುಯ್ಯುವವರಿಲ್ಲದೆ ಗಿಡ ಒಣಗುತ್ತದೆ. ಮುಂದಿನ ಜೂನಿಗೆ ಅದೇ ಗುಂಡಿ, ಹೊಸ ಗಿಡ, ಹೊಸ ಅತಿಥಿ. ಇದಕ್ಕೆ ಪರಿಸರ ಶಿಕ್ಷಣ ಅಂತ ಹೆಸರು!

ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು 2003ರಲ್ಲಿ ಮತ್ತೆ ಹೇಳಬೇಕಾಯಿತು. ಈಗ ಪ್ರಾಥಮಿಕ ತರಗತಿಗಳಿಗೆ 'ಪರಿಸರ ಅಧ್ಯಯನ' ಎಂಬ ಪುಸ್ತಕವೇ ಇದೆ. ಪಾಠ ಇದೆ, ಪ್ರಶ್ನೋತ್ತರ ಇದೆ, ಅಂಕವೂ ಇದೆ. ಇಲ್ಲದಿರುವುದು ಪರಿಸರ ಒಂದೇ. ಬಹಳ ಶಾಲೆಗಳಲ್ಲಿ ಈ ಪಾಠ ಕಾಂಪೌಂಡು ದಾಟುವುದೇ ಇಲ್ಲ.

ಬೇರೆ ಜಿಲ್ಲೆಯವರು "ಏನು ತೋರಿಸೋಣ ಸ್ವಾಮಿ?" ಅಂದಾರು. ಮಂಡ್ಯದವರಿಗೆ ಆ ನೆಪ ಇಲ್ಲ. ಮೈಸೂರು-ಬೆಂಗಳೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ತಿರುಗಿ ಒಂದಷ್ಟು ಒಳಗೆ ಹೋದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಕಾಡು ಬಿಟ್ಟು ಊರೊಳಗಿನ ಹುಣಸೆ ಮರ, ಆಲದ ಮರದ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣು ಮಕ್ಕಳು ಅಂತಲೇ ಊರವರು ಅವನ್ನು ಕಾಣುತ್ತಾರೆ. ಮರದಡಿಯ ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ದೊಡ್ಡದು ಮಾಡಿದ ಹುಡುಗರು ಆ ಊರಲ್ಲಿದ್ದಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

ಇನ್ನೊಂದು ಸಂಗತಿ ಉಂಟು. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಹುಳು. ಹುಳು ಬರುವುದು ತಿಂದ ಮೀನಿನಿಂದ. ಮೀನು ಸುತ್ತಲಿನ ಕೆರೆಯದು. ಕೆರೆ ನೀರು ಕೆಟ್ಟಿದ್ದರ ಮೇಲೆ ಆಗ ಅನುಮಾನ ಬಿತ್ತು. ಮರದ ಕೆಳಗೆ ಎಷ್ಟೇ ಕಾವಲಿಟ್ಟರೂ ಹಕ್ಕಿಯ ಊಟದ ತಟ್ಟೆ ಊರಾಚೆಯ ಕೆರೆಯಲ್ಲಿದೆ. ಪೇಟೆಯ ಚರಂಡಿ, ಅಂಗಡಿ ಮುಂದಿನ ಪ್ಲಾಸ್ಟಿಕ್ಕು ಮಳೆಗೆ ಕೊಚ್ಚಿಕೊಂಡು ಹೋಗುವುದೂ ಕೆರೆಗೇ. 'ಆಹಾರ ಸರಪಳಿ' ಎಂದು ಮಕ್ಕಳು ಬಾಯಿಪಾಠ ಮಾಡುವುದು ಇದನ್ನೇ. ಆ ಸರಪಳಿಯ ಒಂದು ಕೊಂಡಿ ನಮ್ಮ ಅಂಗಡಿ ಬಾಗಿಲಲ್ಲೇ ಇದೆ ಎಂದು ಹೇಳುವವರು ಬೇಕಲ್ಲ!

ತಮಾಷೆ ನೋಡಿ. ಹಕ್ಕಿಗಳು ಮರಿ ಮಾಡುವುದು ಡಿಸೆಂಬರ್-ಜನವರಿಯಿಂದ ಬೇಸಿಗೆಯವರೆಗೆ. ಆಗ ನಮ್ಮ ಮಕ್ಕಳು ಪರೀಕ್ಷೆಯ ಪ್ರಶ್ನೋತ್ತರ ಉರು ಹೊಡೆಯುತ್ತಿರುತ್ತಾರೆ. ಹಕ್ಕಿ ಹಾರಿಹೋದ ಮೇಲೆ ಜೂನಿನಲ್ಲಿ ಇಲಾಖೆಗೆ ಪರಿಸರ ನೆನಪಾಗುತ್ತದೆ.

ಆದ್ದರಿಂದ ಶಿಕ್ಷಣ ಇಲಾಖೆಯವರಿಗೆ ನಮ್ಮದೊಂದು ಮಾತು. ಜನವರಿಯಿಂದ ಮಾರ್ಚ್‌ವರೆಗೆ ದಿನಕ್ಕೊಂದು ಶಾಲೆಯಂತೆ ನಾಲ್ಕು, ಐದನೇ ಕ್ಲಾಸಿನ ಮಕ್ಕಳನ್ನು ಬೆಳ್ಳೂರಿಗೆ ಕಳಿಸಿ. ಗಲಾಟೆ ಮಾಡದೆ ದೂರ ನಿಂತು ನೋಡುವುದೂ ಒಂದು ಪಾಠವೇ. ಪಾಠ ಹೇಳಲು ಆ ಊರಿನವರನ್ನೇ ಕರೆಯಿರಿ, ಅವರಿಗೆ ಒಂದಿಷ್ಟು ಸಂಭಾವನೆ ಕೊಡಿ. ದೂರದ ತಾಲ್ಲೂಕಿನ ಮಕ್ಕಳು ತಿಂಗಳಿಗೊಮ್ಮೆ ತಮ್ಮೂರ ಕೆರೆ ಏರಿ ಮೇಲೆ ನಡೆದು, ನೀರೆಷ್ಟು, ಹಕ್ಕಿ ಯಾವುದು, ಕಸ ಎಲ್ಲಿಂದ ಬಂತು ಎಂದು ಬರೆದಿಡಲಿ. ಇದಕ್ಕೆ ಯಾವ ಗ್ರಾಂಟೂ ಬೇಡ. ಒಂದು ನೋಟ್‌ಬುಕ್ಕು, ಮನಸ್ಸಿರುವ ಒಬ್ಬ ಮೇಷ್ಟ್ರು ಸಾಕು.

ಕೆರೆ ನೋಡಿ ಬಂದ ಹುಡುಗ ಸಂಜೆ ಅಪ್ಪನ ಅಂಗಡಿಗೆ ಬಂದು, "ಈ ಕವರ್ ಚರಂಡಿಗೆ ಯಾಕೆ ಎಸಿತೀಯಪ್ಪಾ?" ಎಂದು ಕೇಳಿದರೆ ಅದೇ ಪರಿಸರ ಶಿಕ್ಷಣ. ಆ ಪ್ರಶ್ನೆಗೆ ಉತ್ತರ ಕೊಡಲು ಅಪ್ಪಂದಿರೂ ತಯಾರಾಗಿರಬೇಕು. ಮುಂದಿನ ಜೂನ್ 5ಕ್ಕೆ ಗುಂಡಿ ತೋಡುವ ಮೊದಲು, ಹೋದ ಸಲದ ಗಿಡ ಎಲ್ಲಿ ಎಂದು ಮಕ್ಕಳ ಎದುರಿಗೇ ಒಮ್ಮೆ ಲೆಕ್ಕ ಕೊಡುವ ಧೈರ್ಯ ನಮ್ಮ ಅತಿಥಿ ಮಹಾಶಯರಿಗೆ ಇದೆಯೇ?